ಮನೆ ವೈರಿಂಗ್, ನಿಯಮ, ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುತ್ತಿರುವವರು, ಹಳೆ ಮನೆ ಕೊಂಡವರು, ಮೀಟರ್‌ಗೆ ಅರ್ಜಿ ಹಾಕಿ ಕಾಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ. ಟೈಲ್ಸ್, ಬಣ್ಣ, ಅಡುಗೆಮನೆ ಕಟ್ಟೆ ಬಗ್ಗೆ ತಿಂಗಳುಗಟ್ಟಲೆ ಯೋಚಿಸುವ ನಾವು ಗೋಡೆಯೊಳಗಿನ ವೈರನ್ನು ಮಾತ್ರ ‘ಎಲೆಕ್ಟ್ರಿಷಿಯನ್ ನೋಡ್ಕೋತಾನೆ’ ಅಂತ ಬಿಟ್ಟುಬಿಡುತ್ತೇವೆ. ಬಣ್ಣ ಬೇಡವಾದರೆ ಬೇರೆ ಬಳಿಸಬಹುದು. ಪ್ಲಾಸ್ಟರ್ ಆದ ಮೇಲೆ ವೈರ್ ನೋಡಬೇಕಾದರೆ ಗೋಡೆಯನ್ನೇ ಒಡೆಯಬೇಕು. ಹಾಗಾಗಿ ಕೇಳಬೇಕಾದ್ದನ್ನೆಲ್ಲ ಮೊದಲೇ ಕೇಳಿ.

## ಮೊದಲು ತಿಳಿಯಬೇಕಾದ್ದು

ನಮ್ಮನೆ ವೈರಿಂಗ್ ನಾನೇ ಮಾಡ್ಕೊಂಡ್ರೆ ತಪ್ಪಾ?

ಬಲ್ಬ್ ಬದಲಿಸುವುದು, ಫ್ಯಾನ್ ಬದಲಿಸುವುದು, ಸುಟ್ಟ ಫ್ಯೂಸ್ ಅಥವಾ ಕೆಟ್ಟ ಸ್ವಿಚ್ ತೆಗೆದು ಅಂಥದ್ದೇ ಹೊಸದು ಹಾಕುವುದು ನೀವೇ ಮಾಡಬಹುದು. ನಿಯಮವೇ ಇದಕ್ಕೆ ವಿನಾಯಿತಿ ಕೊಟ್ಟಿದೆ. ಹೊಸ ವೈರಿಂಗ್, ಇರುವ ವೈರಿಂಗ್ ಬದಲಾವಣೆ, ಹೆಚ್ಚುವರಿ ಪಾಯಿಂಟ್ ಎಳೆಯುವುದು ಹಾಗಲ್ಲ. ಅದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು, ಅರ್ಹತಾ ಪತ್ರ ಇರುವ ಮೇಲ್ವಿಚಾರಕರು ನೋಡಿಕೊಳ್ಳಬೇಕು. 1956ರ ವಿದ್ಯುತ್ ನಿಯಮಗಳಲ್ಲಿ ಇದ್ದ ಈ ಮಾತು ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ ಮುಂದುವರಿಯಿತು. ಈಗ ಅವುಗಳ ಜಾಗದಲ್ಲಿ 2023ರ ನಿಯಮಗಳಿವೆ.

ಕೆಲಸ ಮಾಡುವ ಹುಡುಗರಿಗೆ ಗುತ್ತಿಗೆದಾರರ ಲೈಸೆನ್ಸ್ ಬೇಕಿಲ್ಲ, ಆದರೆ ಸರ್ಕಾರ ಕೊಡುವ ಪರ್ಮಿಟ್ ಇರಬೇಕು. ಜೊತೆಗೆ, ಕೊನೆಯಲ್ಲಿ ಕೆಲಸ ಮುಗಿದ ವರದಿಗೆ ಸಹಿ ಹಾಕುವವರು ಆ ಕೆಲಸವನ್ನು ಕಣ್ಣಾರೆ ನೋಡಿರಬೇಕು. ಸೈಟಿಗೆ ಒಮ್ಮೆಯೂ ಬಾರದೆ ಸಹಿ ಮಾತ್ರ ಕೊಡುವವರಿದ್ದಾರೆ. ಅಂಥವರನ್ನು ಒಪ್ಪಿಕೊಳ್ಳಬೇಡಿ.

ಇನ್ಸ್‌ಪೆಕ್ಟರ್ ಬರ್ತಾರೆ ಅಂತಾರಲ್ಲ, ಯಾರವರು?

ಜನ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಅಧಿಕಾರಿಗಳನ್ನು ಕರೆಯುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ.

ಸ್ಥಳೀಯ ಸಂಸ್ಥೆಯ ಎಂಜಿನಿಯರ್ ನೋಡುವುದು ಕಟ್ಟಡವನ್ನು: ಪ್ಲಾನ್‌ನಂತೆ ಕಟ್ಟಿದ್ದೀರಾ, ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದೀರಾ ಅಂತ. ವೈರಿಂಗ್ ಅವರ ಕೆಲಸವಲ್ಲ. ಎರಡನೆಯವರು ವಿದ್ಯುತ್ ಸರಬರಾಜು ಕಂಪನಿಯವರು. ಕರ್ನಾಟಕದಲ್ಲಾದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್‌ನ ಸೆಕ್ಷನ್ ಆಫೀಸಿನವರು. ಸಾಮಾನ್ಯ ಮನೆಗೆ ಮೀಟರ್ ಕೊಡುವ ಮುಂಚೆ ಬಂದು ನೋಡುವವರು ಇವರೇ. ಮೂರನೆಯವರು ಸರ್ಕಾರದ ವಿದ್ಯುತ್ ಪರಿವೀಕ್ಷಕರು. 2003ರ ವಿದ್ಯುತ್ ಕಾಯ್ದೆಯ 162ನೇ ಸೆಕ್ಷನ್ ಅಡಿ ನೇಮಕವಾಗುವವರು ಇವರು. ಎತ್ತರದ ಕಟ್ಟಡ, ಟ್ರಾನ್ಸ್‌ಫಾರ್ಮರ್, ದೊಡ್ಡ ಜನರೇಟರ್, ವಿದ್ಯುತ್ ಅಪಘಾತದ ತನಿಖೆ ಇವರ ಪಾಲಿನದು. ಕಟ್ಟಡ 15 ಮೀಟರ್‌ಗಿಂತ ಎತ್ತರವಿದ್ದರೆ ನಿಯಮ ಬೇರೆಯೇ ಇದೆ. ಅಪಾರ್ಟ್‌ಮೆಂಟ್ ಕೊಳ್ಳುವವರು ಪರಿವೀಕ್ಷಣಾಲಯದ ಅನುಮೋದನೆ ಪತ್ರವನ್ನು ಬಿಲ್ಡರ್ ಹತ್ತಿರ ಕೇಳಿ ನೋಡಿ.

ಕರೆಂಟ್ ಬರೋಕೆ ಎರಡು ವೈರ್ ಸಾಕಲ್ವಾ? ಮೂರನೆಯದು ಯಾಕೆ?

ಫ್ಯಾನ್ ತಿರುಗೋಕೆ ಎರಡೇ ಸಾಕು. ಫೇಸ್‌ನಲ್ಲಿ ಬಂದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತದೆ. ಮೂರನೆಯದಾದ ಅರ್ತ್ ವೈರ್‌ನಲ್ಲಿ ಮಾಮೂಲಿಯಾಗಿ ಕರೆಂಟೇ ಹರಿಯುವುದಿಲ್ಲ.

ಗೀಸರ್ ಒಳಗೆ ಕಾಯಿಲ್ ಬಿರುಕು ಬಿಟ್ಟು ಫೇಸ್ ಅದರ ತಗಡಿಗೆ ತಾಗಿತು ಅಂದುಕೊಳ್ಳಿ. ಅರ್ತ್ ಇದ್ದರೆ ಕರೆಂಟ್ ಆ ದಾರಿಯಲ್ಲಿ ಹೋಗುತ್ತದೆ, ರಕ್ಷಣೆಯ ಸ್ವಿಚ್ ಬೀಳುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ. ಅರ್ತ್ ಇಲ್ಲದಿದ್ದರೆ ತಗಡು ಸುಮ್ನೆ 230 ವೋಲ್ಟ್ ಹೊತ್ತು ಕಾಯುತ್ತಿರುತ್ತದೆ. ಒದ್ದೆ ನೆಲದ ಮೇಲೆ ನಿಂತು ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಮೂರು ಪಿನ್ ಪ್ಲಗ್‌ನಲ್ಲಿ ಮೇಲಿನ ಪಿನ್ ದಪ್ಪ, ಉದ್ದ ಇರುವುದನ್ನು ಗಮನಿಸಿದ್ದೀರಾ? ಪ್ಲಗ್ ಚುಚ್ಚುವಾಗ ಅರ್ತ್ ಮೊದಲು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಅಂತಲೇ ಹಾಗೆ ಮಾಡಿರುವುದು. ಆ ಪಿನ್ ಕತ್ತರಿಸಿ ಎರಡು ಪಿನ್ನಿನ ಸಾಕೆಟ್‌ಗೆ ತುರುಕುವುದನ್ನು ಎಲ್ಲಿ ಕಂಡರೂ ನಿಲ್ಲಿಸಿ.

ಎಂಸಿಬಿ ಇದೆಯಲ್ಲ, ಮತ್ತೆ ಆರ್‌ಸಿಸಿಬಿ ಯಾಕೆ?

ಎರಡೂ ರಕ್ಷಣೆಯ ಸ್ವಿಚ್‌ಗಳೇ. ಎಂಸಿಬಿ ಕಾಯುವುದು ವೈರನ್ನು. ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ. ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಹೋದ ಕರೆಂಟ್ ಪೂರ್ತಿ ವಾಪಸ್ ಬಂತಾ ಅಂತ ಅದು ಸದಾ ಅಳೆಯುತ್ತಿರುತ್ತದೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ 0.3 ಸೆಕೆಂಡಿನ ಒಳಗೆ ಲೈನ್ ಕಡಿಯುತ್ತದೆ. ಸೋರಿಕೆ ದೊಡ್ಡದಾದರೆ ಇನ್ನೂ ಬೇಗ.

ಒಬ್ಬರ ಜೀವ ತೆಗೆಯಲು ಬೇಕಾದ ಕರೆಂಟ್ ಒಂದು ಆಂಪಿಯರ್‌ನ ಚಿಕ್ಕ ಪಾಲು. 16 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದು ಇನ್ನೊಂದರ ಬದಲಿಯಲ್ಲ, ಎರಡೂ ಬೇಕು. ಮನೆಗೆ 30 ಮಿಲಿಆಂಪಿಯರ್‌ನದೇ ಇರಲಿ. 100 ಅಥವಾ 300 ಅಂತ ಬರೆದಿರುವುದು ಮನುಷ್ಯರಿಗೆ ತಗಲುವ ಶಾಕ್ ತಡೆಯಲು ಸಾಲದು. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ.

## ಮನೆ ಕಟ್ಟುವಾಗ

ಕಟ್ಟೋಕೆ ಪಕ್ಕದ ಮನೆಯಿಂದ ಕರೆಂಟ್ ತಗೋಬಹುದಾ?

ಬೇಡ. ಒಂದು ಜಾಗಕ್ಕೆ ಕೊಟ್ಟ ಕರೆಂಟನ್ನು ಬೇರೆ ಜಾಗಕ್ಕೆ ಒಯ್ಯುವುದು ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಎರಡು ಪಟ್ಟು ದರದಲ್ಲಿ ಲೆಕ್ಕ ಹಾಕುತ್ತಾರೆ. ಬಿಲ್ ಬರುವುದು ಪಾಪ, ಉಪಕಾರ ಮಾಡಿದ ಪಕ್ಕದವರಿಗೆ. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ.

ಯಾವುದಕ್ಕೆ ಎಷ್ಟು ದಪ್ಪದ ವೈರ್ ಹಾಕಿಸ್ಬೇಕು?

ಲೈಟು, ಫ್ಯಾನು, 6 ಆಂಪಿಯರ್ ಪ್ಲಗ್‌ಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರ್. 16 ಆಂಪಿಯರ್ ಪವರ್ ಪ್ಲಗ್‌ಗೆ ಕನಿಷ್ಠ 2.5. ಎಸಿ, ದೊಡ್ಡ ಗೀಸರ್, ಅಥವಾ ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆಯಿಂದ) ದೂರ ಇರುವ ಪವರ್ ಪಾಯಿಂಟ್‌ಗೆ 4 ಹಾಕಿಸಿದರೆ ನೆಮ್ಮದಿ. ಮೀಟರ್‌ನಿಂದ ಡಿಬಿಗೆ ಬರುವ ಮೇನ್ ವೈರ್ ಮನೆಯ ಒಟ್ಟು ಲೋಡ್ ನೋಡಿ ನಿರ್ಧಾರವಾಗಬೇಕು. ಲೆಕ್ಕ ಸುಲಭ: ವ್ಯಾಟ್‌ ಅನ್ನು 230ರಿಂದ ಭಾಗಿಸಿ. 3000 ವ್ಯಾಟ್‌ನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ನಾಲ್ಕು ಚಿಲ್ಲರೆ.

ವೈರ್ ಮೇಲೆ ಐಎಸ್ 694 ಅಂತ ಅಚ್ಚಾಗಿರಬೇಕು, ಐಎಸ್‌ಐ ಗುರುತು ಇರಬೇಕು. ಒಂದು ತುದಿ ಸುಲಿದು ತಾಮ್ರವನ್ನು ಕಣ್ಣಾರೆ ನೋಡಿ. ಅಳತೆಗಿಂತ ತೆಳ್ಳಗಿರುವ ವೈರ್‌ಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಮಾರುವುದುಂಟು. ಹೊರಗಿನ ದಪ್ಪ ನೋಡಿ ಮೋಸ ಹೋಗಬೇಡಿ.

ಎಂಸಿಬಿ ಪದೇ ಪದೇ ಬೀಳತ್ತೆ. ದೊಡ್ಡದು ಹಾಕಿಸಿಬಿಡ್ಲಾ?

ದಯವಿಟ್ಟು ಬೇಡ. ನನಗೆ ತುಂಬ ಭಯ ಹುಟ್ಟಿಸುವ ಪ್ರಶ್ನೆ ಇದು. ಯಾಕೆಂದರೆ ದೊಡ್ಡದು ಹಾಕಿದರೆ ತೊಂದರೆ ಹೋದಂತೆಯೇ ಕಾಣುತ್ತದೆ.

1.5ರ ವೈರ್‌ಗೆ 6 ಅಥವಾ 10 ಆಂಪಿಯರ್ ಎಂಸಿಬಿ ಇರುತ್ತದೆ. ಅದನ್ನು ತೆಗೆದು 25 ಹಾಕಿದಿರಿ ಅಂತಿಟ್ಟುಕೊಳ್ಳಿ. ಈಗ ವೈರ್ ತಡೆಯುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೂ ಎಂಸಿಬಿ ಸುಮ್ಮನಿರುತ್ತದೆ. ಪೈಪಿನೊಳಗೆ ವೈರ್ ಬಿಸಿಯಾಗುತ್ತದೆ, ಹೊದಿಕೆ ಮೆತ್ತಗಾಗುತ್ತದೆ, ಆಮೇಲೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸ್ವಿಚ್‌ಬೋರ್ಡ್ ಹಿಂದೆ ಕಂದು ಕಲೆ, ಮೀನು ಕೊಳೆತಂಥ ಸುಟ್ಟ ವಾಸನೆ ಬಂದರೆ ಅದು ಇದೇ. ಎಂಸಿಬಿ ಯಾಕೆ ಬೀಳುತ್ತಿದೆ ಅಂತ ಹುಡುಕಿಸಿ. ಸರ್ಕ್ಯೂಟನ್ನು, ಅಂದರೆ ಒಂದು ಎಂಸಿಬಿಯಿಂದ ಹೊರಡುವ ಲೈನನ್ನು, ಎರಡಾಗಿ ಹಂಚಿಸಿ. ದೊಡ್ಡ ಎಂಸಿಬಿ ಬೇಕೇ ಬೇಕು ಅಂದರೆ ಮೊದಲು ವೈರ್ ದಪ್ಪ ಮಾಡಿಸಬೇಕು.

ಒಂದು ಸರ್ಕ್ಯೂಟಿಗೆ ಎಷ್ಟು ಪಾಯಿಂಟ್ ಕೊಡಬಹುದು?

ಲೈಟ್ ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್, ಪವರ್ ಸರ್ಕ್ಯೂಟಿಗೆ ಎರಡು ಸಾಕೆಟ್. ಇದು ಬಹುಕಾಲದಿಂದ ಪಾಲಿಸಿಕೊಂಡು ಬಂದ ಮಿತಿ. ಎಸಿ, ಗೀಸರ್‌ಗೆ ಒಂದೊಂದಕ್ಕೂ ಪ್ರತ್ಯೇಕ ಲೈನ್ ಇರಲಿ. ಜಾಸ್ತಿ ಎಡವಟ್ಟಾಗುವುದು ಅಡುಗೆಮನೆಯಲ್ಲಿ. ಮಿಕ್ಸಿ, ಓವನ್, ಕೆಟಲ್, ಇಂಡಕ್ಷನ್ ಎಲ್ಲ ಒಂದೇ ಲೈನಿಗೆ ಜೋತು ಬಿದ್ದಿರುತ್ತವೆ. ಅಲ್ಲಿಗೆ ಎರಡು ಪವರ್ ಲೈನಾದರೂ ಬರಬೇಕು.

ಪ್ಲಾಸ್ಟರ್‌ಗೆ ಮುಂಚೆ ನಾನು ಏನೇನು ನೋಡ್ಬೇಕು? ನಂಗೆ ಎಲೆಕ್ಟ್ರಿಕಲ್ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೂ ಕಣ್ಣಿಗೆ ಕಾಣುವುದು ಬೇಕಾದಷ್ಟಿದೆ. ಗೋಡೆ ಕೊರೆದು ಪೈಪ್ ಕೂರಿಸಿದ ಮೇಲೆ, ಗಾರೆಯವರು ಬರುವ ಮುಂಚೆ, ಒಂದು ಇಡೀ ಬೆಳಗ್ಗೆ ಇದಕ್ಕೇ ಇಟ್ಟುಕೊಳ್ಳಿ.

ಪೈಪ್‌ಗಳು ನೇರ ಮೇಲಿಂದ ಕೆಳಕ್ಕೆ ಅಥವಾ ನೇರ ಅಡ್ಡಕ್ಕೆ ಹೋಗಿರಬೇಕು. ವೈರ್ ಉಳಿಸಲು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಿದ್ದರೆ ಬದಲಿಸಲು ಹೇಳಿ. ಮುಂದೆ ಯಾರೋ ಫೋಟೊ ತೂಗುಹಾಕಲು ಗೋಡೆ ಕೊರೆದಾಗ ಡ್ರಿಲ್ ಬಿಟ್ ವೈರ್‌ಗೇ ಹೋಗುತ್ತದೆ. ಪೈಪ್ ತುಂಬಾ ವೈರ್ ತುರುಕಿರಬಾರದು. ಒಳಗಿನ ಜಾಗದ ಅರ್ಧಕ್ಕಿಂತ ಜಾಸ್ತಿ ಖಾಲಿ ಇರಬೇಕು. ಒಂದು ವೈರ್ ತುದಿ ಹಿಡಿದು ಎಳೆದು ನೋಡಿ, ಸಲೀಸಾಗಿ ಜರುಗಬೇಕು. ಪೈಪ್ ತಿರುಗುವಲ್ಲಿ ಸರಿಯಾದ ಬೆಂಡ್ ಹಾಕಿರಬೇಕು. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದ ಪೈಪ್ ಆ ಜಾಗದಲ್ಲಿ ಚಪ್ಪಟೆಯಾಗಿರುತ್ತದೆ.

ಇನ್ನು ಜೋಡಣೆ. ಪೈಪಿನ ನಡುವೆ ವೈರ್ ಜೋಡಿಸಿ ಟೇಪ್ ಸುತ್ತಿದ್ದರೆ ಖಂಡಿತ ಒಪ್ಪಬೇಡಿ. ಜೋಡಣೆ ಏನಿದ್ದರೂ ಜಂಕ್ಷನ್ ಬಾಕ್ಸ್ ಅಥವಾ ಸ್ವಿಚ್‌ಬಾಕ್ಸ್ ಒಳಗೆ, ತೆರೆದು ನೋಡಲು ಆಗುವಂತಿರಬೇಕು. ಪ್ರತಿ ಸ್ವಿಚ್‌ಬಾಕ್ಸ್‌ಗೂ ಹಸಿರು ವೈರ್ ಬಂದಿದೆಯಾ ಎಣಿಸಿ. ಕಪ್ಪು ನ್ಯೂಟ್ರಲ್‌ಗೆ, ಕೆಂಪು, ಹಳದಿ, ನೀಲಿ ಫೇಸ್‌ಗಳಿಗೆ, ಹಸಿರು ಅರ್ತ್‌ಗೆ ಮಾತ್ರ. ಕಪ್ಪು ಕಾಯಿಲ್ ಖಾಲಿಯಾಯಿತು ಅಂತ ಹಸಿರನ್ನೇ ನ್ಯೂಟ್ರಲ್‌ಗೆ ಎಳೆದರೆ, ಮುಂದೆ ಅದನ್ನು ಬಿಚ್ಚುವವರು ಅರ್ತ್ ಅಂದುಕೊಂಡು ಕೈ ಹಾಕುತ್ತಾರೆ.

ಆಮೇಲೆ ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದರೆ ಇನ್ನೂ ಒಳ್ಳೆಯದು. ಸ್ಲ್ಯಾಬ್ ಕಾಂಕ್ರೀಟಿಗೆ ಮುಂಚೆ ಕಂಬಿಗಳ ನಡುವಿನ ಪೈಪ್, ಫ್ಯಾನ್ ಬಾಕ್ಸ್‌ಗಳದ್ದೂ ತೆಗೆದಿಡಿ.

ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿದ್ದಾರೆ. ಸಾಕಲ್ವಾ?

ಉಪ್ಪು, ಇದ್ದಿಲು ಮಣ್ಣಿನ ತೇವ ಹಿಡಿದಿಡಲು ಸಹಾಯಕ್ಕೆ ಮಾತ್ರ. ಮುಖ್ಯವಾದದ್ದು ಪೈಪ್. ಅರ್ಥಿಂಗ್ ಕುರಿತ ಐಎಸ್ 3043 ಹೇಳುವಂತೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ 38 ಮಿಲಿಮೀಟರ್‌ಗಿಂತ ಸಣ್ಣದಿರಬಾರದು, ಉದ್ದ 2.5 ಮೀಟರ್ ಇರಬೇಕು, ಕಟ್ಟಡದಿಂದ 1.5 ಮೀಟರ್ ದೂರ ಇರಬೇಕು. ಅರ್ಧ ಕತ್ತರಿಸಿದ ಪೈಪ್ ಹೂತು ಮೇಲೆ ಸಿಮೆಂಟ್ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಪೈಪ್ ಇಳಿಸುವಾಗ ನೀವಲ್ಲಿರಿ. ಉಪ್ಪು ವರ್ಷಗಳು ಹೋದಂತೆ ಜಿಐ ಪೈಪನ್ನೇ ತಿನ್ನುತ್ತದೆ ಅನ್ನುವುದೂ ನೆನಪಿರಲಿ. ಮೇಲಿನ ಬೋಲ್ಟ್ ತುಕ್ಕು ಹಿಡಿದು ವೈರ್ ಕಳಚಿಕೊಂಡಿರುವ ಮನೆಗಳು ಎಷ್ಟೋ ಇವೆ.

ಫೇಸ್ ಮತ್ತು ಅರ್ತ್ ನಡುವೆ ಬಲ್ಬ್ ಉರಿಸಿ ‘ಚೆನ್ನಾಗಿದೆ’ ಅನ್ನುವುದು ಪರೀಕ್ಷೆಯಲ್ಲ. ಅರ್ತ್ ಟೆಸ್ಟರ್‌ನಿಂದ ಅಳೆಸಿ, ಎಷ್ಟು ಓಮ್ ಬಂತು ಅಂತ ಬರೆಸಿಕೊಳ್ಳಿ.

## ತಪಾಸಣೆ, ಕಾಗದ, ಅಧಿಕಾರಿಗಳು

ಮೀಟರ್ ಕೊಡೋ ಮುಂಚೆ ಏನು ಟೆಸ್ಟ್ ಮಾಡ್ತಾರೆ?

ಮುಖ್ಯವಾದದ್ದು ಇನ್ಸುಲೇಶನ್ (ವೈರ್ ಹೊದಿಕೆಯ) ಪರೀಕ್ಷೆ. ಮೆಗ್ಗರ್ ಅನ್ನುವ ಉಪಕರಣದಿಂದ ಫೇಸ್ ಮತ್ತು ಅರ್ತ್ ನಡುವೆ 500 ವೋಲ್ಟ್ ಡಿಸಿ ಒಂದು ನಿಮಿಷ ಕೊಟ್ಟು ನೋಡುತ್ತಾರೆ. ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ವೈರಿಂಗ್‌ನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಅಂಚಿನಲ್ಲಿದ್ದರೆ ಎಲ್ಲೋ ವೈರ್ ಸುಲಿದಿದೆ ಅಥವಾ ಗೋಡೆ ಇನ್ನೂ ಹಸಿ ಇದೆ ಅಂತ ಅರ್ಥ.

ನಿಮ್ಮ ಗುತ್ತಿಗೆದಾರರು ಕೆಲಸ ಮುಗಿದ ವರದಿಯಲ್ಲಿ ಈ ಅಂಕಿ ಬರೆದೇ ಬರೆದಿರುತ್ತಾರೆ. ನಿಜವಾಗಿ ಅಳೆದು ಬರೆದರಾ ಅನ್ನುವುದು ಬೇರೆ ಮಾತು. ಅಳೆಯುವಾಗ ಪಕ್ಕದಲ್ಲಿ ನಿಲ್ಲಿ. ಟಿವಿ, ಎಲ್‌ಇಡಿ ಲೈಟ್‌ಗಳನ್ನು ಕಳಚಿ ಇಟ್ಟಿರಬೇಕು, ಇಲ್ಲವಾದರೆ 500 ವೋಲ್ಟ್‌ಗೆ ಅವು ಕೆಡಬಹುದು.

ಓಸಿ ಇಲ್ಲದೆ ಕರೆಂಟ್ ಸಿಗಲ್ವಂತೆ, ನಿಜಾನಾ?

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ, ಸ್ವಾಧೀನಾನುಭವ ಪತ್ರ (ಓಸಿ) ನೋಡಿದ ಮೇಲಷ್ಟೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. ಅಲ್ಲಿಂದ ಕಚೇರಿಗಳು ಇದನ್ನು ಗಟ್ಟಿಯಾಗಿ ಹಿಡಿದಿವೆ. ನಿಮ್ಮ ಅಳತೆಯ ನಿವೇಶನಕ್ಕೆ ಏನು ಅನ್ವಯಿಸುತ್ತದೆ ಅಂತ ಪಾಯ ತೋಡುವ ಮುಂಚೆಯೇ ಸೆಕ್ಷನ್ ಆಫೀಸಿನಲ್ಲಿ ಲಿಖಿತವಾಗಿ ಕೇಳಿ. ಮನೆ ಮುಗಿದ ಮೇಲೆ ಪ್ಲಾನ್ ಮೀರಿದ್ದು ಗೊತ್ತಾದರೆ ಸರಿಪಡಿಸುವುದು ಬಹಳ ಕಷ್ಟ.

ಪರಿಶೀಲನೆಗೆ ಬಂದವರ ಹತ್ರ ಹೇಗೆ ಮಾತಾಡ್ಬೇಕು?

ಅವರು ಶತ್ರುಗಳಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಕೆಲಸವನ್ನು ನೋಡುವ ಇನ್ನೊಂದು ಜೊತೆ ಕಣ್ಣು ನಿಮಗೆ ಸಿಗುವುದು ಇದೊಂದೇ ಸಲ. ನನ್ನ ಅನಿಸಿಕೆಯಲ್ಲಿ ಅವರು ಬೇಗ ನೋಡಿ ಹೋದರೆ ನಷ್ಟ ನಿಮಗೇ.

ಅವರು ಬರುವ ಹೊತ್ತಿಗೆ ಗುತ್ತಿಗೆದಾರರು ಅಲ್ಲಿರಲಿ. ಡಿಬಿ ಮುಚ್ಚಳ ತೆಗೆಯಲು ಸಿದ್ಧವಿರಲಿ. ಯಾವ ಎಂಸಿಬಿ ಯಾವ ಕೋಣೆಗೆ ಅಂತ ಚೀಟಿ ಅಂಟಿಸಿರಲಿ. ಫೋಟೊ, ವೈರಿಂಗ್ ನಕ್ಷೆ, ಟೆಸ್ಟ್ ವರದಿ ಒಂದು ಫೈಲಿನಲ್ಲಿರಲಿ. ಚೀಟಿ ಅಂಟಿಸಿದ ಡಿಬಿ ಕಂಡರೆ ಕೆಲಸ ಶ್ರದ್ಧೆಯಿಂದ ಆಗಿದೆ ಅಂತ ನೋಡುವವರಿಗೂ ಅನಿಸುತ್ತದೆ. ಕೇಳಿದ್ದಕ್ಕೆ ಇದ್ದದ್ದು ಹೇಳಿ. ‘ಸರ್, ನೀವಾಗಿದ್ರೆ ಇಲ್ಲಿ ಏನು ಬದಲಿಸ್ತಿದ್ರಿ?’ ಅಂತ ಒಮ್ಮೆ ಕೇಳಿ ನೋಡಿ. ಅನುಭವಿಗಳು ಮನಸ್ಸು ಬಿಚ್ಚಿ ಹೇಳುತ್ತಾರೆ.

‘ಸರಿಯಿಲ್ಲ’ ಅಂತಾರೆ, ಏನು ಸರಿಯಿಲ್ಲ ಅಂತ ಹೇಳಲ್ಲ. ಏನ್ ಮಾಡೋದು?

ಜಗಳಕ್ಕೆ ಹೋಗಬೇಡಿ. ‘ಯಾವ ಜಾಗ, ಯಾವ ನಿಯಮ, ಏನು ಸರಿಪಡಿಸಬೇಕು ಅಂತ ಬರೆದುಕೊಡಿ ಸರ್, ಮಾಡಿಸ್ತೀನಿ’ ಅನ್ನಿ. ನಿಜವಾದ ದೋಷವಿದ್ದರೆ ಬರೆಯುವುದು ಕಷ್ಟವೇ ಅಲ್ಲ. ಅವರು ಬರೆಯದಿದ್ದರೆ ನೀವೇ ಬರೆಯಿರಿ: ಇಂಥ ದಿನ ಪರಿಶೀಲನೆ ಆಯಿತು, ಬಾಯಿಮಾತಿನಲ್ಲಿ ಹೀಗೆ ಹೇಳಿದರು, ದಯವಿಟ್ಟು ಲಿಖಿತವಾಗಿ ತಿಳಿಸಿ ಅಂತ. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಗಡುವು ನಿಮ್ಮ ಪರವಾಗಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ 2020ರ ನಿಯಮಗಳಿಗೆ 2024ರಲ್ಲಿ ತಿದ್ದುಪಡಿ ಆಯಿತು. ಅರ್ಜಿ ಪೂರ್ತಿಯಾಗಿದ್ದು ಹೊಸ ಲೈನ್ ಎಳೆಯುವ ಅಗತ್ಯ ಇಲ್ಲದಿದ್ದರೆ ಮಹಾನಗರಗಳಲ್ಲಿ 3 ದಿನ, ಬೇರೆ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನದೊಳಗೆ ಸಂಪರ್ಕ ಕೊಡಬೇಕು. ಗುಡ್ಡಗಾಡಿನ ಹಳ್ಳಿಗಳಿಗೆ 30 ದಿನ. ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ನಂಬರ್ ಪಡೆಯಿರಿ. ಆಮೇಲೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಲೋಕಾಯುಕ್ತಕ್ಕೆ ದೂರು ಕೊಡಿ. ಹಣ ಕೊಟ್ಟು ಪಾಸ್ ಮಾಡಿಸಿಕೊಂಡ ವೈರಿಂಗ್ ಕೆಳಗೆ ಮಲಗುವವರು ನಿಮ್ಮ ಮಕ್ಕಳು.

ಸೈಟ್ ಪಕ್ಕದಲ್ಲೇ ಲೈನ್ ಹೋಗಿದೆ. ಬಾಲ್ಕನಿ ಎಷ್ಟು ದೂರ ಇರ್ಬೇಕು?

ಮಾಮೂಲಿ ಬೀದಿ ಲೈನಿನಿಂದಲೂ 11 ಕೆವಿ (11,000 ವೋಲ್ಟ್) ಲೈನಿನಿಂದಲೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್. 33 ಕೆವಿ ಆದರೆ 2 ಮೀಟರ್. ಲೈನ್ ಕಟ್ಟಡದ ಮೇಲೆ ಹಾದುಹೋಗಿದ್ದರೆ ಎತ್ತರದಲ್ಲಿ ಬೀದಿ ಲೈನಿಗೆ 2.5 ಮೀಟರ್, 11 ಮತ್ತು 33 ಕೆವಿಗೆ 3.7 ಮೀಟರ್. ಗಾಳಿಗೆ ವೈರ್ ಓಲಾಡಿದಾಗಲೂ ಇಷ್ಟು ಅಂತರ ಉಳಿಯಬೇಕು. ಇದು ಕನಿಷ್ಠ, ಸಾಧ್ಯವಾದಷ್ಟು ಜಾಸ್ತಿ ಬಿಡಿ. ಬಾಲ್ಕನಿಯಿಂದ ಕಬ್ಬಿಣದ ಕಂಬಿ ಎತ್ತಿದ ಕೆಲಸಗಾರರು, ಒದ್ದೆ ಬಟ್ಟೆ ಕೊಡವಿದ ಹೆಂಗಸರು ಪ್ರಾಣ ಕಳೆದುಕೊಂಡ ಸುದ್ದಿ ಓದುತ್ತಲೇ ಇರುತ್ತೇವೆ. ಕಟ್ಟುವ ಮುಂಚೆ ಲೈನ್ ಸರಿಸಲು ಅರ್ಜಿ ಹಾಕಬಹುದು, ಖರ್ಚು ಸಾಮಾನ್ಯವಾಗಿ ನಿಮ್ಮದೇ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಹಳೆ ಮನೆ, ಅರ್ತ್ ವೈರೇ ಇಲ್ಲ. ಸಾಕೆಟ್ ಒಳಗೆ ನ್ಯೂಟ್ರಲನ್ನೇ ಅರ್ತ್‌ಗೆ ಸೇರಿಸ್ತೀನಿ ಅಂತಾನೆ ಎಲೆಕ್ಟ್ರಿಷಿಯನ್.

ಆ ಕೆಲಸ ಮಾಡಿಸಲೇಬೇಡಿ. ಎಲ್ಲ ಸರಿಯಿರುವಷ್ಟು ದಿನ ಏನೂ ಆಗುವುದಿಲ್ಲ, ಟೆಸ್ಟರ್ ಕೂಡ ಏನೂ ತೋರಿಸುವುದಿಲ್ಲ. ಆದರೆ ಕಂಬದಲ್ಲೋ ಡಿಬಿಯಲ್ಲೋ ನ್ಯೂಟ್ರಲ್ ಕಡಿದ ಕ್ಷಣ ಫ್ರಿಜ್, ವಾಷಿಂಗ್ ಮಷಿನ್, ಗೀಸರ್ ಎಲ್ಲದರ ಮೈಗೂ ಫೇಸ್ ಬರುತ್ತದೆ.

ಪೂರ್ತಿ ವೈರಿಂಗ್ ಬದಲಿಸಲು ಈಗ ಆಗದಿದ್ದರೆ ಮೊದಲು 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಅರ್ತ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಶಾಕ್ ತಗಲಿದ ಮೇಲೆ ಕಡಿಯುತ್ತದೆ ನಿಜ, ಆದರೂ ಜೀವ ಉಳಿಯುವ ಸಾಧ್ಯತೆ ಜಾಸ್ತಿ. ಎರಡನೆಯದಾಗಿ ಬಚ್ಚಲು ಮತ್ತು ಅಡುಗೆಮನೆಗೆ ಅರ್ತ್ ಎಳೆಸಿ. ಉಳಿದ ಕೋಣೆಗಳು ಆಮೇಲೆ.

ಆರ್‌ಸಿಸಿಬಿ ಹಾಕಿಸಿದ ದಿನದಿಂದ ಸುಮ್ನೆ ಬೀಳ್ತಿದೆ. ತೆಗೆಸಿಬಿಡಿ ಅಂತಾರೆ.

ಸುಮ್ನೆ ಬೀಳುವುದಿಲ್ಲ, ಕಾರಣ ಇದ್ದೇ ಇರುತ್ತದೆ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನ ಪ್ಲಗ್‌ಗಳನ್ನು ಕಿತ್ತು ಮತ್ತೆ ನೋಡಿ. ಬಹಳ ಸಲ ಗೀಸರ್ ಕಾಯಿಲ್, ಇಲ್ಲವೇ ಮಳೆ ನೀರು ಇಳಿದ ಹೊರಗಿನ ಲೈಟ್ ಸಿಕ್ಕಿಬೀಳುತ್ತದೆ.

ಎಲ್ಲ ಎಂಸಿಬಿ ಇಳಿಸಿದ್ದರೂ ಬೀಳುತ್ತಿದೆಯಾ? ಆಗ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರಬಹುದು. ಸಾಮಾನ್ಯ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಇನ್ನೊಂದು ಕಾರಣ ಯುಪಿಎಸ್. ಅದರ ಲೈನಿನ ಫೇಸ್ ಒಂದು ದಾರಿಯಲ್ಲಿ ಬಂದು ನ್ಯೂಟ್ರಲ್ ಇನ್ನೊಂದು ದಾರಿಯಲ್ಲಿ ವಾಪಸ್ ಹೋದರೆ ಆರ್‌ಸಿಸಿಬಿ ಅದನ್ನು ಸೋರಿಕೆ ಅಂದುಕೊಳ್ಳುತ್ತದೆ. ಯುಪಿಎಸ್ ಲೈನಿಗೆ ಪ್ರತ್ಯೇಕ ನ್ಯೂಟ್ರಲ್ ಎಳೆಸಿದರೆ ಸರಿಹೋಗುತ್ತದೆ. ಹೊಸ ಮನೆಯಾದರೆ ಈ ಮಾತನ್ನು ವೈರ್ ಎಳೆಯುವ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ಹೇಳಿ.

ತ್ರೀ ಫೇಸ್ ಮನೆ. ಒಂದು ಸಂಜೆ ಕೆಲವು ಬಲ್ಬ್ ಮಂಕಾದವು, ಕೆಲವು ಜಾಸ್ತಿ ಉರಿದು ಸುಟ್ಟೇ ಹೋದವು. ಯಾಕೆ?

ನ್ಯೂಟ್ರಲ್ ಕಡಿದಿದೆ. ತ್ರೀ ಫೇಸ್‌ನಲ್ಲಿ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಇಲ್ಲವಾದಾಗ ಆ 400 ನಿಮ್ಮ ಮನೆಯ ಲೋಡ್‌ಗಳ ನಡುವೆ ಹಂಚಿಕೊಳ್ಳುತ್ತದೆ. ಲೋಡ್ ಜಾಸ್ತಿ ಇರುವ ಫೇಸ್‌ಗೆ ಕಡಿಮೆ ವೋಲ್ಟ್, ಲೋಡ್ ಕಡಿಮೆ ಇರುವ ಫೇಸ್‌ಗೆ ಜಾಸ್ತಿ ವೋಲ್ಟ್. ಹೀಗಾಗಿ ಗೀಸರ್ ಇರುವ ಲೈನ್ ಮಂಕಾಗುತ್ತದೆ, ಟಿವಿ, ರೂಟರ್ ಇರುವ ಲೈನ್ ಸುಡುತ್ತದೆ.

ಇಂಥದ್ದು ಕಂಡ ತಕ್ಷಣ ಮೇನ್ ಆಫ್ ಮಾಡಿ, 1912ಕ್ಕೆ ಕರೆ ಮಾಡಿ. ದೋಷ ಕಂಬದಲ್ಲೂ ಇರಬಹುದು, ನಿಮ್ಮ ಮೀಟರ್ ಬೋರ್ಡಿನ ಸಡಿಲ ಸ್ಕ್ರೂನಲ್ಲೂ ಇರಬಹುದು. ಮೀಟರ್‌ನ ಸೀಲ್ ನೀವು ಮುಟ್ಟಬೇಡಿ. ನಿಮ್ಮ ಕಡೆಯ ಡಿಬಿಯಲ್ಲಿ ನ್ಯೂಟ್ರಲ್ ಪಟ್ಟಿಯ ಸ್ಕ್ರೂಗಳನ್ನು ವರ್ಷಕ್ಕೊಮ್ಮೆ, ಮೇನ್ ಆಫ್ ಮಾಡಿ, ತಿಳಿದವರಿಂದ ಬಿಗಿ ಮಾಡಿಸಿ. ವೋಲ್ಟೇಜ್ ಜಾಸ್ತಿಯಾದರೆ ಲೈನ್ ಕಡಿಯುವ ರಿಲೇಗಳೂ ಸಿಗುತ್ತವೆ. ತ್ರೀ ಫೇಸ್ ಮನೆಯಲ್ಲಿ ಮೂರು ಫೇಸ್‌ಗೂ ಅದನ್ನು ಹಾಕಿಸುವುದು ಒಳ್ಳೆಯದು.